ಆರು ಅಂಕಿಗೆ ಎಷ್ಟು ಉತ್ತರ? ಚಿಕ್ಕ ದತ್ತಾಂಶದ ಮಾನಕ ವಿಚಲನೆಗೆ ಯಾವ ವಿಧಾನ ಆರಿಸಬೇಕು

ಅರ್ಧ ಕೆಜಿ ರಾಗಿ ಹಿಟ್ಟಿನ ಆರು ಪೊಟ್ಟಣ ತೂಗಿದಿರಿ, ಗ್ರಾಂ ಲೆಕ್ಕದಲ್ಲಿ ಬಂದ ಅಂಕಿಗಳು ಇವು ಎಂದಿಟ್ಟುಕೊಳ್ಳಿ: 498, 503, 501, 497, 504, 500. ಇವುಗಳ ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ, ಎಷ್ಟು? ಒಬ್ಬರು 2.5 ಎನ್ನುತ್ತಾರೆ. ಇನ್ನೊಬ್ಬರಿಗೆ 2.74 ಬರುತ್ತದೆ. ಮೂರನೆಯವರ ಹಾಳೆಯಲ್ಲಿ 24.65 ಇದೆ. ನಾಲ್ಕನೆಯವರ ಕ್ಯಾಲ್ಕುಲೇಟರ್ ವರ್ಗಮೂಲದ ಗುಂಡಿ ಒತ್ತಿದ ಕೂಡಲೇ ‘ಎರರ್’ ಎಂದು ನಿಂತುಬಿಡುತ್ತದೆ. ಮೊದಲಿಬ್ಬರ ಉತ್ತರವೂ ಸರಿ, ಅವರು ಕೇಳಿಕೊಂಡ ಪ್ರಶ್ನೆ ಮಾತ್ರ ಬೇರೆ ಬೇರೆ. ಉಳಿದಿಬ್ಬರದು ತಪ್ಪು, ಮತ್ತು ಇಬ್ಬರೂ ಮಾಡಿರುವುದು ಒಂದೇ ತಪ್ಪು: ದೊಡ್ಡ ಅಂಕಿಗಳಿಗೆ ಒಗ್ಗದ ವಿಧಾನ ಆರಿಸಿ, ಸರಾಸರಿಯನ್ನು ನಡುವೆಯೇ ಪೂರ್ಣಾಂಕ ಮಾಡಿದ್ದು.

ಎರಡರಿಂದ ಮೂವತ್ತರವರೆಗಿನ ಅಂಕಿಗಳಿಗೆ ಯಾವ ದಾರಿ ಒಳ್ಳೆಯದು ಎಂಬುದನ್ನು ಈ ಆರು ಪೊಟ್ಟಣಗಳ ಮೇಲೆಯೇ ಹೋಲಿಸಿ ನೋಡೋಣ. ದತ್ತಾಂಶ ದೊಡ್ಡದಿದ್ದಾಗ ಯಾವ ಛೇದ (ಭಾಗಿಸುವ ಸಂಖ್ಯೆ) ಹಾಕಿದರೂ ಉತ್ತರ ಹೆಚ್ಚುಕಡಿಮೆ ಅದೇ ಬರುತ್ತದೆ, ಲೆಕ್ಕವನ್ನೂ ಕೈಯಲ್ಲಿ ಯಾರೂ ಮಾಡುವುದಿಲ್ಲ. ಆಯ್ಕೆಗೆ ಬೆಲೆ ಬರುವುದು ದತ್ತಾಂಶ ಚಿಕ್ಕದಿದ್ದಾಗಲೇ.

ಮೊದಲು ಛೇದ: ಆರರಿಂದಲೋ, ಐದರಿಂದಲೋ?

ಯಾವ ವಿಧಾನ ಹಿಡಿದರೂ ನಡುವೆ ಒಂದು ನಿಲ್ದಾಣವಿದೆ. ಪ್ರತಿ ಅಂಕಿ ಸರಾಸರಿಯಿಂದ ಎಷ್ಟು ದೂರ ಇದೆ ಎಂದು ನೋಡಿ, ಆ ದೂರಗಳ ವರ್ಗಗಳನ್ನು ಕೂಡಿದರೆ ಸಿಗುವ ಮೊತ್ತ ಅದು. ನಮ್ಮ ಪೊಟ್ಟಣಗಳಿಗೆ ಅದು 37.5. ಇದನ್ನು 6ರಿಂದ ಭಾಗಿಸಿದರೆ 6.25, ವರ್ಗಮೂಲ 2.5. 5ರಿಂದ ಭಾಗಿಸಿದರೆ 7.5, ವರ್ಗಮೂಲ 2.74. ಅಂಕಿಗಳ ಎಣಿಕೆಯನ್ನು ‘ಎನ್’ ಎಂದರೆ, ಮೊದಲನೆಯದು ಎನ್ ಛೇದ, ಎರಡನೆಯದು ಎನ್ − 1 ಛೇದ.

ಆಯ್ಕೆ ಮಾಡುವ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ನಿಮಗೆ ಯಾವುದರ ಚದುರು ಬೇಕು? ಆ ದಿನ ತುಂಬಿದ್ದೇ ಆರು ಪೊಟ್ಟಣ, ಅವುಗಳ ಬಗ್ಗೆ ಮಾತ್ರ ಹೇಳಬೇಕು ಎಂದಾದರೆ ಎನ್. ತುಂಬುವ ಯಂತ್ರದಿಂದ ಸಾವಿರಾರು ಪೊಟ್ಟಣ ಬರುತ್ತಿವೆ, ಆರನ್ನು ಮಾದರಿಯಾಗಿ ತೆಗೆದಿದ್ದೀರಿ, ತಿಳಿಯಬೇಕಿರುವುದು ಯಂತ್ರದ ಚದುರು ಎಂದಾದರೆ ಎನ್ − 1. ಒಂದು ತರಗತಿಯ ಹನ್ನೆರಡು ಮಕ್ಕಳ ಅಂಕ, ಒಂದು ತಂಡದ ಹನ್ನೊಂದು ಆಟಗಾರರ ಎತ್ತರ, ಒಂದು ವರ್ಷದ ಹನ್ನೆರಡು ತಿಂಗಳ ಕರೆಂಟ್ ಬಿಲ್ಲು ಇವೆಲ್ಲ ಇಡೀ ಗುಂಪು. ಬ್ಯೂರೆಟ್‌ನ ಐದು ಓದು, ಹೊಲದ ಎಂಟು ಕಡೆಯಿಂದ ತೆಗೆದ ಮಣ್ಣು, ಹತ್ತು ಹಸುಗಳ ಹಾಲಿನ ಕೊಬ್ಬು ಇವು ಮಾದರಿ. ಗೊಂದಲವಾದರೆ ಎನ್ − 1 ಹಿಡಿಯಿರಿ. ಅಳತೆ ಮಾಡಿದ್ದಕ್ಕಿಂತ ಹೆಚ್ಚಿನದರ ಬಗ್ಗೆ ತಿಳಿಯಲೆಂದೇ ನಾವು ಸಾಮಾನ್ಯವಾಗಿ ಅಳೆಯುವುದು.

ಶಾಲೆ ಕಾಲೇಜಿನ ಲೆಕ್ಕದಲ್ಲಿ ಮಾತ್ರ ಎಚ್ಚರ ಬೇಕು. ನಮ್ಮ ಪಠ್ಯಪುಸ್ತಕಗಳು ಮೊದಲು ಕಲಿಸುವ ಸೂತ್ರದ ಛೇದ ಎನ್. ಕೊಟ್ಟ ಪ್ರಾಪ್ತಾಂಕಗಳನ್ನೇ ಇಡೀ ಗುಂಪೆಂದು ಅಲ್ಲಿ ಭಾವಿಸಲಾಗುತ್ತದೆ. ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ. ಅದೇ ವಿದ್ಯಾರ್ಥಿ ಕಂಪ್ಯೂಟರಿನಲ್ಲಿ ತಾಳೆ ನೋಡಿದಾಗ ಬೇರೆ ಉತ್ತರ ಕಂಡರೆ ಗಾಬರಿಯಾಗಬೇಕಿಲ್ಲ. ಬಹುಪಾಲು ಅದು ಛೇದದ ವ್ಯತ್ಯಾಸವೇ ಆಗಿರುತ್ತದೆ.

ಒಂದನ್ನು ಏಕೆ ಕಳೆಯಬೇಕು? ಇದನ್ನು ಬಾಯಿಪಾಠ ಮಾಡಿಸುವವರೇ ಹೆಚ್ಚು, ತೋರಿಸಿಕೊಡುವವರು ಕಡಿಮೆ. ಯಂತ್ರದ ನಿಜವಾದ ಸರಾಸರಿ 500 ಎಂದು ಹೇಗೋ ಗೊತ್ತಿದೆ ಎನ್ನಿ. ಆರು ಪೊಟ್ಟಣಗಳು 500ರಿಂದ ಇರುವ ದೂರ −2, 3, 1, −3, 4, 0. ವರ್ಗಗಳ ಮೊತ್ತ 39. ಆದರೆ ಆರು ಪೊಟ್ಟಣಗಳ ಸ್ವಂತ ಸರಾಸರಿ 500.5. ಅಲ್ಲಿಂದ ಅಳೆದರೆ ಮೊತ್ತ 37.5ಕ್ಕೆ ಇಳಿಯಿತು. ಇದು ಈ ಅಂಕಿಗಳಲ್ಲಿ ಮಾತ್ರ ಆಗುವುದಲ್ಲ. ಯಾವುದೇ ಅಂಕಿಗಳ ಗುಂಪಿಗೆ ಅದರದೇ ಸರಾಸರಿಯಿಂದ ಅಳೆದ ಮೊತ್ತವೇ ಅತಿ ಚಿಕ್ಕದು. ನಿಜವಾದ ಸರಾಸರಿ ಗೊತ್ತಿಲ್ಲದೆ ಮಾದರಿಯ ಸರಾಸರಿಯಿಂದ ಅಳೆಯುವುದರಿಂದ ಚದುರು ಸದಾ ಸ್ವಲ್ಪ ಕಡಿಮೆ ಕಾಣುತ್ತದೆ. ಛೇದದಲ್ಲಿ ಒಂದು ಕಳೆಯುವುದು ಆ ಕೊರತೆಯನ್ನು ತುಂಬಲಿಕ್ಕೆ. ಇನ್ನೊಂದು ಕಡೆಯಿಂದಲೂ ನೋಡಬಹುದು: ಸರಾಸರಿಯಿಂದ ಇರುವ ವಿಚಲನೆಗಳನ್ನು ಕೂಡಿದರೆ ಸೊನ್ನೆಯೇ ಬರಬೇಕು. ಹಾಗಾಗಿ ಐದು ವಿಚಲನೆ ಗೊತ್ತಾದರೆ ಆರನೆಯದು ತಾನಾಗಿ ಗೊತ್ತಾಗುತ್ತದೆ. ಸ್ವತಂತ್ರವಾದ ಸುದ್ದಿ ಐದೇ.

ಎರಡು ಛೇದಗಳ ನಡುವಿನ ಅಂತರ ಎಷ್ಟಿರುತ್ತದೆ? ಎರಡೇ ಅಂಕಿ ಇದ್ದರೆ ಎನ್ − 1ರ ಉತ್ತರ ಶೇ 41ರಷ್ಟು ದೊಡ್ಡದು. ಮೂರಿದ್ದರೆ ಶೇ 22, ಐದಿದ್ದರೆ ಶೇ 12, ಹತ್ತಕ್ಕೆ ಶೇ 5.4, ಮೂವತ್ತಕ್ಕೆ ಶೇ 1.7. ನೂರಕ್ಕೆ ಅರ್ಧ ಶೇಕಡ. ಹತ್ತರೊಳಗಿನ ದತ್ತಾಂಶದಲ್ಲಿ ಯಾವ ಛೇದ ಬಳಸಿದಿರಿ ಎಂದು ಬರೆಯದ ಉತ್ತರ ಅರ್ಧ ಉತ್ತರ.

ಕೈಲೆಕ್ಕದ ನಾಲ್ಕು ದಾರಿ

ಹಳೆಯ ಪಠ್ಯಪುಸ್ತಕ ಓದಿದವರಿಗೆ ಹೆಸರುಗಳು ನೆನಪಿರಬಹುದು: ನೈಜ ಸರಾಸರಿ ವಿಧಾನ, ನೇರ ವಿಧಾನ, ಅಂದಾಜು ಸರಾಸರಿ ವಿಧಾನ, ಹಂತ ವಿಚಲನಾ ವಿಧಾನ. ನಾಲ್ಕೂ ಒಂದೇ ಉತ್ತರಕ್ಕೆ ಬರುತ್ತವೆ. ಆದರೆ ಕೈ ತಪ್ಪಿದಾಗ ನಾಲ್ಕೂ ಒಂದೇ ಥರ ಕೆಡುವುದಿಲ್ಲ.

ನೈಜ ಸರಾಸರಿ ವಿಧಾನ. ಅಂಕಿಗಳನ್ನು ಕೂಡಿ (3003), 6ರಿಂದ ಭಾಗಿಸಿ (500.5), ಪ್ರತಿಯೊಂದರಿಂದ ಸರಾಸರಿ ಕಳೆಯಿರಿ: −2.5, 2.5, 0.5, −3.5, 3.5, −0.5. ಇಲ್ಲಿ ನಿಂತು ಇವುಗಳನ್ನು ಕೂಡಿ ನೋಡಿ, ಸೊನ್ನೆ ಬರಬೇಕು. ಬರದಿದ್ದರೆ ತಪ್ಪು ಇಲ್ಲೇ ಇದೆ, ಮುಂದೆ ಹೋಗಬೇಡಿ. ವರ್ಗಗಳು 6.25, 6.25, 0.25, 12.25, 12.25, 0.25. ಮೊತ್ತ 37.5. ಮಾನಕ ವಿಚಲನೆ ಎಂದರೆ ಏನು ಎಂಬುದು ಕಣ್ಣಿಗೆ ಕಾಣುವುದು ಈ ವಿಧಾನದಲ್ಲಿ, ಆದ್ದರಿಂದ ಕಲಿಸಲು ಇದೇ ಒಳ್ಳೆಯದು. ಸರಾಸರಿ ಪೂರ್ಣಾಂಕವೋ ಅರೆಯೋ ಆಗಿದ್ದರೆ ವೇಗವೂ ಇದೆ. 500.1428 ಎಂದು ಬಂದರೆ ಮಾತ್ರ ಪ್ರತಿ ವರ್ಗವೂ ದಶಮಾಂಶಗಳ ರಾಶಿಯಾಗಿ ಪೀಡಿಸುತ್ತದೆ.

ನೇರ ವಿಧಾನ. ಅಂಕಿಗಳ ಮೊತ್ತ ಮತ್ತು ಅಂಕಿಗಳ ವರ್ಗಗಳ ಮೊತ್ತ, ಈ ಎರಡೇ ಸಾಕು. ವರ್ಗಗಳು 248004, 253009, 251001, 247009, 254016, 250000. ಮೊತ್ತ 1503039. ಇದರಿಂದ 3003ರ ವರ್ಗವನ್ನು 6ರಿಂದ ಭಾಗಿಸಿದ್ದನ್ನು, ಅಂದರೆ 9018009 ÷ 6 = 1503001.5 ಅನ್ನು ಕಳೆಯಿರಿ. ಉಳಿದದ್ದು ಮತ್ತೆ 37.5. ಸೂತ್ರ ಚೊಕ್ಕವಾಗಿದೆ, ವಿಚಲನೆಗಳ ಕಾಲಂ ಬೇಕಿಲ್ಲ, ಅದಕ್ಕೇ ಹಲವರಿಗೆ ಇದು ಇಷ್ಟ. ಆದರೆ ಏನು ನಡೆಯಿತು ನೋಡಿ. ಹದಿನೈದು ಲಕ್ಷದಿಂದ ಹದಿನೈದು ಲಕ್ಷ ಕಳೆದು ಮೂವತ್ತೇಳೂವರೆ ಹಿಡಿದೆವು. ಮೇಲಿನ ಎರಡು ಸಂಖ್ಯೆಗಳಲ್ಲಿ ಒಂದರಲ್ಲಿ ಕೊಂಚ ಏರುಪೇರಾದರೂ ಉಳಿಕೆ ಕೈಬಿಟ್ಟು ಹೋಗುತ್ತದೆ.

ಆರಂಭದಲ್ಲಿ ಹೇಳಿದ ಎರಡು ತಪ್ಪು ಉತ್ತರ ಹುಟ್ಟಿದ್ದು ಹೀಗೆಯೇ. ಸರಾಸರಿ 500.5 ಅನ್ನು 500 ಎಂದು ಬರೆದುಕೊಂಡು, 1503039ರಿಂದ 6 × 250000 ಕಳೆದರೆ 3039 ಉಳಿಯುತ್ತದೆ. 5ರಿಂದ ಭಾಗಿಸಿ ವರ್ಗಮೂಲ ತೆಗೆದರೆ 24.65. ಸರಾಸರಿಯನ್ನು 501 ಮಾಡಿದರೆ ಕಳೆಯಬೇಕಾದದ್ದು 1506006, ಉಳಿಯುವುದು −2967. ಋಣ ಸಂಖ್ಯೆಗೆ ವರ್ಗಮೂಲವಿಲ್ಲ, ಕ್ಯಾಲ್ಕುಲೇಟರ್ ಎರರ್ ತೋರಿಸಿತು. ಅದೇ 501 ಅನ್ನು ನೈಜ ಸರಾಸರಿ ವಿಧಾನದಲ್ಲಿ ಬಳಸಿದ್ದರೆ ವಿಚಲನೆಗಳು −3, 2, 0, −4, 3, −1, ಮೊತ್ತ 39, ಉತ್ತರ 2.79. ಸರಿಯಾದದ್ದು 2.74. ಅರ್ಧ ಗ್ರಾಮಿನ ಅದೇ ತಪ್ಪು ಒಂದು ವಿಧಾನದಲ್ಲಿ ಐದು ನೂರಾಂಶದಷ್ಟು ಸರಿದಾಡಿಸಿತು, ಇನ್ನೊಂದರಲ್ಲಿ ಲೆಕ್ಕವನ್ನೇ ಕೆಡಿಸಿತು. ನೇರ ವಿಧಾನದಲ್ಲಿ ಸರಾಸರಿಯ ತಪ್ಪು ಸರಾಸರಿಯಷ್ಟೇ ದೊಡ್ಡ ಸಂಖ್ಯೆಯಿಂದ ಗುಣಾಕಾರಗೊಳ್ಳುತ್ತದೆ. ನೈಜ ಸರಾಸರಿ ವಿಧಾನದಲ್ಲಿ ತಪ್ಪಿನ ವರ್ಗ ಮಾತ್ರ ಸೇರುತ್ತದೆ (ಇಲ್ಲಿ 6 × 0.25 = 1.5).

ಆದ್ದರಿಂದ ನೇರ ವಿಧಾನವನ್ನು 3, 5, 8, 2ರಂಥ ಒಂಟಿ ಅಂಕಿಗಳಿಗೆ ಇಟ್ಟುಕೊಳ್ಳಿ. ಮೂರಂಕಿಯ ಸಂಖ್ಯೆಗಳಿಗೆ ಬಳಸಲೇಬೇಕಾದರೆ ಸರಾಸರಿಯನ್ನು ತೆಗೆಯಲೇಬೇಡಿ, ಮೊತ್ತದ ವರ್ಗವನ್ನು ಎನ್‌ನಿಂದ ಭಾಗಿಸುವ ರೂಪವನ್ನೇ ಬರೆಯಿರಿ. ಐದಂಕಿಯ ಸಂಖ್ಯೆಯ ವರ್ಗ ಎಂಟು ಅಂಕಿ ತೋರಿಸುವ ಅಂಗಡಿ ಕ್ಯಾಲ್ಕುಲೇಟರಿನಲ್ಲಿ ಹಿಡಿಸುವುದೇ ಇಲ್ಲ.

ಅಂದಾಜು ಸರಾಸರಿ ವಿಧಾನ. ಕೈಲೆಕ್ಕಕ್ಕೆ ನಾಲ್ಕರಲ್ಲಿ ಒಂದನ್ನು ಆರಿಸಿ ಎಂದರೆ ಇದನ್ನೇ ಆರಿಸಬೇಕು. ಅಂಕಿಗಳ ನಡುವೆ ಎಲ್ಲೋ ಇರುವ ಒಂದು ಸಲೀಸಾದ ಸಂಖ್ಯೆಯನ್ನು ಹಿಡಿಯಿರಿ, ಇಲ್ಲಿ 500. ಪ್ರತಿ ಅಂಕಿಯಿಂದ ಅದನ್ನು ಕಳೆಯಿರಿ: −2, 3, 1, −3, 4, 0. ಮೊತ್ತ 3. ವರ್ಗಗಳು 4, 9, 1, 9, 16, 0, ಮೊತ್ತ 39. ಈಗ ತಿದ್ದುಪಡಿ: ಮೊತ್ತದ ವರ್ಗ 9, ಅದನ್ನು 6ರಿಂದ ಭಾಗಿಸಿದರೆ 1.5. 39 − 1.5 = 37.5. ಸರಾಸರಿಯೂ ಜೊತೆಯಲ್ಲೇ ಸಿಕ್ಕಿತು: 500 + 3 ÷ 6 = 500.5. ಎಲ್ಲವೂ ಬಾಯಿಲೆಕ್ಕ.

ಹೆಸರಿನಲ್ಲಿ ‘ಅಂದಾಜು’ ಇರುವುದರಿಂದ ಉತ್ತರವೂ ಅಂದಾಜು ಎಂದು ತಿಳಿಯುವವರಿದ್ದಾರೆ. ಅಲ್ಲ, ಉತ್ತರ ನಿಖರ. 500ರ ಬದಲು 490 ಹಿಡಿದು ನೋಡಿ: 8, 13, 11, 7, 14, 10. ಮೊತ್ತ 63, ವರ್ಗಗಳ ಮೊತ್ತ 699, ತಿದ್ದುಪಡಿ 3969 ÷ 6 = 661.5, ಉಳಿದದ್ದು 37.5. ಎಲ್ಲಿಂದ ಅಳೆದರೂ ತಿದ್ದುಪಡಿ ಅದನ್ನು ಸರಿಮಾಡಿಕೊಳ್ಳುತ್ತದೆ. ಹತ್ತಿರದ ಸಂಖ್ಯೆ ಹಿಡಿಯಬೇಕಾದದ್ದು ವರ್ಗಗಳು ಚಿಕ್ಕವಾಗಿರಲಿ ಎಂಬುದಕ್ಕೆ, ಮತ್ತು ತಿದ್ದುಪಡಿ ಮರೆತರೂ ದೊಡ್ಡ ಅನಾಹುತ ಆಗದಿರಲಿ ಎಂಬುದಕ್ಕೆ. 500 ಹಿಡಿದು ತಿದ್ದುಪಡಿ ಮರೆತರೆ 2.79 ಬರುತ್ತದೆ, 490 ಹಿಡಿದು ಮರೆತರೆ 11.82.

ಇಲ್ಲಿ ಸಾಮಾನ್ಯವಾಗಿ ಆಗುವ ಇನ್ನೊಂದು ತಪ್ಪು ಎಂದರೆ, ಕೊನೆಯ ಛೇದವನ್ನು ಎನ್ − 1 ಮಾಡುವಾಗ ತಿದ್ದುಪಡಿಯ ಛೇದವನ್ನೂ 5 ಮಾಡಿಬಿಡುವುದು. ತಿದ್ದುಪಡಿಯಲ್ಲಿ ಸದಾ ಎನ್, ಇಲ್ಲಿ 6. ಎನ್ − 1 ಬರುವುದು ಕೊನೆಯ ಭಾಗಾಕಾರದಲ್ಲಿ ಮಾತ್ರ.

ಹಂತ ವಿಚಲನಾ ವಿಧಾನ. ಅಂಕಿಗಳು ಸಮ ಅಂತರದಲ್ಲಿದ್ದಾಗ ಮಾತ್ರ ಇದರಿಂದ ಲಾಭ. ಐದು ದಿನದ ಧಾರಣೆ ಕ್ವಿಂಟಲಿಗೆ ರೂಪಾಯಿ 1200, 1250, 1150, 1300, 1350 ಎಂದಿರಲಿ. 1250 ಕಳೆದು 50ರಿಂದ ಭಾಗಿಸಿ: −1, 0, −2, 1, 2. ಮೊತ್ತ ಸೊನ್ನೆ, ವರ್ಗಗಳ ಮೊತ್ತ 10. 10 ÷ 4 = 2.5, ವರ್ಗಮೂಲ 1.581, ಕೊನೆಗೆ 50ರಿಂದ ಗುಣಿಸಿ 79.06 ರೂಪಾಯಿ. ಕಳೆದ 1250 ಅನ್ನು ಮರಳಿ ಕೂಡಬಾರದು. ಎಲ್ಲ ಅಂಕಿಗಳನ್ನೂ ಒಟ್ಟಿಗೆ ಅತ್ತಿತ್ತ ಸರಿಸಿದರೆ ಚದುರು ಬದಲಾಗುವುದಿಲ್ಲ. ಭಾಗಿಸಿದ 50ರಿಂದ ಮಾತ್ರ ಮರಳಿ ಗುಣಿಸಲೇಬೇಕು, ಅದೂ ವರ್ಗಮೂಲ ತೆಗೆದ ಮೇಲೆ. ವರ್ಗಮೂಲಕ್ಕೆ ಮೊದಲೇ ಗುಣಿಸುವುದಾದರೆ 50ರ ವರ್ಗ 2500ರಿಂದ ಗುಣಿಸಬೇಕು. ನಮ್ಮ ಹಿಟ್ಟಿನ ಪೊಟ್ಟಣಗಳಿಗೆ ಈ ವಿಧಾನ ಬೇಡ, ಅಂಕಿಗಳ ನಡುವೆ ಸಾಮಾನ್ಯ ಅಪವರ್ತನವೇ ಇಲ್ಲ.

ಚಿಕ್ಕ ದತ್ತಾಂಶವನ್ನು ವರ್ಗಾಂತರಗಳಾಗಿ (‘ಇಷ್ಟರಿಂದ ಇಷ್ಟರವರೆಗೆ’ ಎಂಬ ಗುಂಪುಗಳಾಗಿ) ಗುಂಪು ಮಾಡಲು ಹೋಗಬೇಡಿ. ಅಂಕಿಗಳು ಕೈಯಲ್ಲಿರುವಾಗ ಅವುಗಳ ಬದಲು ಮಧ್ಯಬಿಂದು ಬಳಸಿದರೆ ನಿಖರತೆ ಸುಮ್ಮನೆ ಹೋಗುತ್ತದೆ.

ವ್ಯಾಪ್ತಿಯಿಂದ ತಾಳೆ

ಯಾವ ವಿಧಾನದಲ್ಲಿ ಮಾಡಿದರೂ ಉತ್ತರ ಬರೆಯುವ ಮೊದಲು ಅರ್ಧ ನಿಮಿಷದ ಒಂದು ಪರೀಕ್ಷೆ ಇದೆ. ಅತಿ ದೊಡ್ಡ ಅಂಕಿಯಿಂದ ಅತಿ ಚಿಕ್ಕದನ್ನು ಕಳೆಯಿರಿ: 504 − 497 = 7. ಇದು ವ್ಯಾಪ್ತಿ. ಸರಾಸರಿಯಿಂದ ಅಳೆದ ವಿಚಲನೆಗಳ ವರ್ಗಗಳ ಮೊತ್ತವು ವ್ಯಾಪ್ತಿಯ ವರ್ಗದ ಅರ್ಧಕ್ಕಿಂತ ಕಡಿಮೆ ಆಗಲಾರದು, ಅಂದರೆ 49 ÷ 2 = 24.5. ವ್ಯಾಪ್ತಿಯ ವರ್ಗವನ್ನು ಎನ್‌ನಿಂದ ಗುಣಿಸಿ 4ರಿಂದ ಭಾಗಿಸಿದ್ದಕ್ಕಿಂತ ಹೆಚ್ಚೂ ಆಗಲಾರದು: 6 × 49 ÷ 4 = 73.5. ಮೊದಲನೆಯದು ಎರಡು ಅಂಕಿ ಎರಡು ತುದಿಯಲ್ಲಿದ್ದು ಉಳಿದವೆಲ್ಲ ನಟ್ಟನಡುವೆ ಇದ್ದಾಗಿನ ಸ್ಥಿತಿ. ಎರಡನೆಯದು ಅರ್ಧ ಅಂಕಿಗಳು ಒಂದು ತುದಿಗೆ, ಇನ್ನರ್ಧ ಮತ್ತೊಂದು ತುದಿಗೆ ಹೋದಾಗಿನ ಸ್ಥಿತಿ. ನಮ್ಮ ಮೊತ್ತ 37.5 ಈ ಎರಡರ ನಡುವೆ ಇದೆ. ಎನ್ − 1ರ ಲೆಕ್ಕದಲ್ಲಿ ಮಾನಕ ವಿಚಲನೆ 2.21 ಮತ್ತು 3.83ರ ನಡುವೆಯೇ ಇರಬೇಕು. 24.65 ಎಂದು ಬರೆದವರು ಈ ಪರೀಕ್ಷೆ ಮಾಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ವ್ಯಾಪ್ತಿಯೇ ಏಳು ಇರುವಾಗ ಮಾನಕ ವಿಚಲನೆ ಇಪ್ಪತ್ನಾಲ್ಕು ಆಗುವುದೆಲ್ಲಿಂದ?

ವ್ಯಾಪ್ತಿಯಿಂದ ನೇರವಾಗಿ ಅಂದಾಜು ತೆಗೆಯುವ ದಾರಿಯೂ ಇದೆ. ಕಾರ್ಖಾನೆಗಳ ಗುಣಮಟ್ಟ ವಿಭಾಗದಲ್ಲಿ ಕಂಟ್ರೋಲ್ ಚಾರ್ಟ್ (ಉತ್ಪಾದನೆಯ ಏರಿಳಿತದ ಮೇಲೆ ಕಣ್ಣಿಡುವ ನಕ್ಷೆ) ಹಾಕುವವರು ಇದನ್ನೇ ಬಳಸುತ್ತಾರೆ. ವ್ಯಾಪ್ತಿಯನ್ನು ಒಂದು ಗುಣಾಂಕದಿಂದ ಭಾಗಿಸಬೇಕು: 2 ಅಂಕಿಗೆ 1.128, 3ಕ್ಕೆ 1.693, 4ಕ್ಕೆ 2.059, 5ಕ್ಕೆ 2.326, 6ಕ್ಕೆ 2.534, 7ಕ್ಕೆ 2.704, 8ಕ್ಕೆ 2.847, 9ಕ್ಕೆ 2.970, 10ಕ್ಕೆ 3.078. ನಮ್ಮಲ್ಲಿ 7 ÷ 2.534 = 2.76. ನಿಜವಾದ ಲೆಕ್ಕ 2.74, ಬಲು ಹತ್ತಿರ. ಪಟ್ಟಿ ನೆನಪಿರದಿದ್ದರೆ ಎನ್‌ನ ವರ್ಗಮೂಲದಿಂದ ಭಾಗಿಸಿ, 3ರಿಂದ 10ರವರೆಗೆ ಸುಮಾರಾಗಿ ನಡೆಯುತ್ತದೆ. ಈ ಗುಣಾಂಕಗಳು ಹುಟ್ಟಿರುವುದು ಅಂಕಿಗಳು ಗಂಟೆಯಾಕಾರದ ಸಾಮಾನ್ಯ ವಿತರಣೆಯಿಂದ ಬಂದಿವೆ ಎಂಬ ನಂಬಿಕೆಯ ಮೇಲೆ. ಹತ್ತಕ್ಕಿಂತ ಹೆಚ್ಚು ಅಂಕಿಗಳಿದ್ದರೆ ಇದನ್ನು ಬಿಡಿ, ಎರಡು ತುದಿ ಬಿಟ್ಟು ಉಳಿದ ಅಂಕಿಗಳ ಸುದ್ದಿಯೆಲ್ಲ ವ್ಯರ್ಥವಾಗುತ್ತದೆ.

ಎರಡೇ ಎರಡು ಓದು ಇದ್ದಾಗ

ಪ್ರಯೋಗಾಲಯಗಳಲ್ಲಿ ಒಂದೇ ಮಾದರಿಯನ್ನು ಎರಡು ಸಲ ಅಳೆಯುವುದು ರೂಢಿ. ಎರಡು ಅಂಕಿಗೆ ಯಾವ ಸೂತ್ರವೂ ಬೇಡ, ವ್ಯತ್ಯಾಸವನ್ನು 1.414ರಿಂದ ಭಾಗಿಸಿದರೆ ಅದೇ ಎನ್ − 1ರ ಮಾನಕ ವಿಚಲನೆ. ಆದರೆ ಒಂದೇ ಜೋಡಿಯಿಂದ ಬಂದ ಉತ್ತರವನ್ನು ನಂಬಲಾಗದು, ಎರಡು ಓದು ಕಾಕತಾಳೀಯವಾಗಿ ಒಂದೇ ಬಂದರೆ ಚದುರು ಸೊನ್ನೆ ಎಂದಾಗಿಬಿಡುತ್ತದೆ. ಹಲವು ಜೋಡಿಗಳಿದ್ದರೆ ಒಳ್ಳೆಯ ದಾರಿ ಇದೆ. ನಾಲ್ಕು ಮಾದರಿಗಳ ತೇವಾಂಶದ ಜೋಡಿ ಓದುಗಳ ವ್ಯತ್ಯಾಸ 0.2, 0.1, 0.3, 0.1 ಎನ್ನಿ. ವರ್ಗಗಳ ಮೊತ್ತ 0.15. ಜೋಡಿಗಳ ಎಣಿಕೆಯ ಎರಡರಷ್ಟರಿಂದ, ಅಂದರೆ 8ರಿಂದ ಭಾಗಿಸಿ (0.01875), ವರ್ಗಮೂಲ 0.137. ಇದು ಆ ಅಳತೆಯ ಪದ್ಧತಿಯ ಚದುರು. ಎಂಟೂ ಓದುಗಳನ್ನು ಒಂದೇ ಪಟ್ಟಿಗೆ ಹಾಕಿ ಲೆಕ್ಕ ಮಾಡಿದರೆ ಮಾದರಿ ಮಾದರಿಯ ನಡುವಿನ ವ್ಯತ್ಯಾಸವೂ ಸೇರಿಕೊಂಡು ಉತ್ತರ ಬೇರೆಯೇ ಆಗುತ್ತದೆ. ಜೋಡಿಗಳ ಮಾನಕ ವಿಚಲನೆಗಳನ್ನು ಕೂಡಿ ಸರಾಸರಿ ತೆಗೆಯುವುದೂ ತಪ್ಪು. ಸರಾಸರಿ ತೆಗೆಯಬೇಕಾದದ್ದು ವರ್ಗಗಳದ್ದು.

ಯಂತ್ರಕ್ಕೆ ಒಪ್ಪಿಸುವುದಾದರೆ

ಸೈಂಟಿಫಿಕ್ ಕ್ಯಾಲ್ಕುಲೇಟರ್ ಚಿಕ್ಕ ದತ್ತಾಂಶಕ್ಕೆ ಚೆನ್ನಾಗಿ ಒಪ್ಪುತ್ತದೆ. ಕ್ಯಾಸಿಯೋ ಎಫ್‌ಎಕ್ಸ್-82 ಎಂಎಸ್‌ನಲ್ಲಿ ಮೋಡ್ ಒತ್ತಿ ಎಸ್‌ಡಿ ಆರಿಸಿ, ಹಳೆಯ ದತ್ತಾಂಶ ಅಳಿಸಿ, ಪ್ರತಿ ಅಂಕಿಯ ನಂತರ ಎಂ ಪ್ಲಸ್ ಒತ್ತುತ್ತಾ ಹೋಗಿ. ಆಮೇಲೆ ಶಿಫ್ಟ್ ಮತ್ತು 2 ಒತ್ತಿದರೆ ಸರಾಸರಿಯ ಜೊತೆಗೆ ಎರಡು ಸಿಗ್ಮಾಗಳು ಕಾಣುತ್ತವೆ, ಒಂದರ ಕೆಳಗೆ ಎನ್, ಇನ್ನೊಂದರ ಕೆಳಗೆ ಎನ್ − 1. ಹೊಸ ಮಾದರಿಗಳಲ್ಲಿ ಎನ್ ಛೇದದ್ದಕ್ಕೆ ಸಿಗ್ಮಾ, ಎನ್ − 1 ಛೇದದ್ದಕ್ಕೆ ಇಂಗ್ಲಿಷ್ ‘ಎಸ್’ ಅಕ್ಷರ. ಕೆಡುವ ಜಾಗ ಒಂದೇ: ಹಿಂದಿನ ಲೆಕ್ಕದ ಅಂಕಿಗಳು ನೆನಪಿನಲ್ಲಿ ಉಳಿದುಬಿಡುವುದು. ಉತ್ತರ ತೆಗೆಯುವ ಮೊದಲು ಎನ್ ಎಷ್ಟಿದೆ ನೋಡಿ. ಆರು ಅಂಕಿ ಹಾಕಿದ್ದೀರಿ, ಹನ್ನೊಂದು ತೋರಿಸುತ್ತಿದ್ದರೆ ಅಳಿಸಿ ಮತ್ತೆ ಶುರುಮಾಡಿ.

ಎಕ್ಸೆಲ್‌ನಲ್ಲಿ 2010ರಿಂದ ಎರಡು ಸ್ಪಷ್ಟ ಹೆಸರುಗಳಿವೆ. ಎಸ್-ಟಿ-ಡಿ-ಇ-ವಿ ಬರೆದು ಚುಕ್ಕೆ ಇಟ್ಟು ಎಸ್ ಹಾಕಿದರೆ ಮಾದರಿಯದು, ಎನ್ − 1. ಚುಕ್ಕೆಯ ನಂತರ ಪಿ ಹಾಕಿದರೆ ಇಡೀ ಗುಂಪಿನದು, ಎನ್. ಚುಕ್ಕೆಯೇ ಇಲ್ಲದ ಹಳೆಯ ಹೆಸರು ಈಗಲೂ ಕೆಲಸ ಮಾಡುತ್ತದೆ, ಅದು ಎನ್ − 1. ಗೂಗಲ್ ಶೀಟ್ಸ್‌ನಲ್ಲೂ ಇವೇ ಹೆಸರುಗಳು. ಖಾಲಿ ಕೋಶವನ್ನು ಇವು ಬಿಟ್ಟುಬಿಡುತ್ತವೆ, ಸೊನ್ನೆಯನ್ನು ಎಣಿಸುತ್ತವೆ. ಅಳತೆ ತಪ್ಪಿದ ದಿನ ಸೊನ್ನೆ ತುಂಬಿಟ್ಟರೆ ಮಾನಕ ವಿಚಲನೆ ಮುಗಿಲಿಗೆ ಹೋಗುತ್ತದೆ. ಇದಕ್ಕಿಂತ ಮೋಸದ್ದು ಇನ್ನೊಂದು: ಬೇರೆಲ್ಲಿಂದಲೋ ತಂದು ಅಂಟಿಸಿದ ಅಂಕಿಗಳು ಪಠ್ಯವಾಗಿ ಕುಳಿತಿರುವುದು. ನೋಡಲು ಅಂಕಿಯೇ, ಆದರೆ ಕೋಶದಲ್ಲಿ ಎಡಕ್ಕೆ ಅಂಟಿರುತ್ತದೆ, ಲೆಕ್ಕಕ್ಕೆ ಸೇರುವುದಿಲ್ಲ, ಯಾವ ಎಚ್ಚರಿಕೆಯೂ ಉತ್ತರದಲ್ಲಿ ಕಾಣುವುದಿಲ್ಲ. ಪಕ್ಕದ ಕೋಶದಲ್ಲಿ ಕೌಂಟ್ ಸೂತ್ರ ಹಾಕಿ ಎಣಿಕೆ ತಾಳೆ ನೋಡುವುದೇ ಇದಕ್ಕೆ ಮದ್ದು.

ಪ್ರೋಗ್ರಾಂ ಬರೆಯುವವರಿಗೆ: ಪೈಥಾನಿನ ನಂಪೈಯಲ್ಲಿ ಏನೂ ಹೇಳದಿದ್ದರೆ ಛೇದ ಎನ್, ಪಾಂಡಾಸ್‌ನಲ್ಲಿ ಎನ್ − 1. ಒಂದೇ ಫೈಲಿನ ಎರಡು ಸಾಲುಗಳು ಒಂದೇ ಅಂಕಿಗಳಿಗೆ ಎರಡು ಉತ್ತರ ಕೊಡುವುದು ಇದರಿಂದಲೇ. ಆರ್ ಭಾಷೆಯಲ್ಲಿ ಎನ್ − 1. ನಂಪೈಯಲ್ಲಿ ಡಿಡಿಒಎಫ್ ಎಂಬ ಆಯ್ಕೆಗೆ 1 ಕೊಟ್ಟರೆ ಹೊಂದುತ್ತದೆ.

ಸ್ವಂತ ಸೂತ್ರ ಬರೆಯುವುದಾದರೆ ನೇರ ವಿಧಾನವನ್ನು ಕಂಪ್ಯೂಟರಿನಲ್ಲೂ ಬರೆಯಬೇಡಿ. ಕಂಪ್ಯೂಟರ್ ಸಾಮಾನ್ಯವಾಗಿ ಹದಿನೈದು, ಹದಿನಾರು ಅಂಕಿಗಳವರೆಗೆ ಮಾತ್ರ ನಿಖರ. ಹತ್ತು ಕೋಟಿಯ ಆಸುಪಾಸಿನ ಸಂಖ್ಯೆಗಳ ವರ್ಗ ಹದಿನೇಳು ಅಂಕಿಗೆ ಹೋಗುತ್ತದೆ, ಕೊನೆಯ ಅಂಕಿಗಳಲ್ಲಿ ಅಡಗಿದ್ದ ಚದುರು ಅಳಿಸಿಹೋಗುತ್ತದೆ. ಎಕ್ಸೆಲ್ ಕೂಡ 2003ಕ್ಕಿಂತ ಮುಂಚಿನ ಆವೃತ್ತಿಗಳಲ್ಲಿ ಈ ವಿಧಾನವನ್ನೇ ಬಳಸಿ ಇಂಥ ದತ್ತಾಂಶಕ್ಕೆ ತಪ್ಪು ಉತ್ತರ ಕೊಡುತ್ತಿತ್ತು. 2003ರಲ್ಲಿ ಮೊದಲು ಸರಾಸರಿ, ಆಮೇಲೆ ವಿಚಲನೆ ಎಂಬ ಎರಡು ಸುತ್ತಿನ ಲೆಕ್ಕಕ್ಕೆ ಬದಲಾಯಿತು. ಮೊದಲ ಅಂಕಿಯನ್ನೇ ಅಂದಾಜು ಸರಾಸರಿ ಮಾಡಿಕೊಂಡು ಎಲ್ಲದರಿಂದ ಕಳೆದರೂ ಈ ತೊಂದರೆ ಬಹುಪಾಲು ತೀರುತ್ತದೆ.

ಒಂದು ಅಂಕಿ ದಾರಿ ತಪ್ಪಿದ್ದರೆ

504 ಬರೆಯುವ ಬದಲು 540 ಎಂದು ಟೈಪಾಯಿತು ಎನ್ನಿ. ಮಾನಕ ವಿಚಲನೆ 2.74ರಿಂದ 16.55ಕ್ಕೆ ಏರುತ್ತದೆ. ವರ್ಗ ಮಾಡುವ ಲೆಕ್ಕ ದೂರದ ಅಂಕಿಗೆ ದೊಡ್ಡ ಧ್ವನಿ ಕೊಡುತ್ತದೆ. ‘ಸರಾಸರಿಯಿಂದ ಮೂರು ಮಾನಕ ವಿಚಲನೆಗಿಂತ ದೂರ ಇರುವುದನ್ನು ತೆಗೆಯಿರಿ’ ಎಂಬ ನಿಯಮ ಇಲ್ಲಿ ಕಾಪಾಡೀತೇ? ಇಲ್ಲ. ಹೊಸ ಸರಾಸರಿ 506.5, 540 ಅದರಿಂದ 33.5 ದೂರ, ಅಂದರೆ ಎರಡು ಮಾನಕ ವಿಚಲನೆಗಿಂತ ತುಸು ಹೆಚ್ಚು ಅಷ್ಟೇ. ಎನ್ ಅಂಕಿಗಳಲ್ಲಿ ಯಾವ ಅಂಕಿಯೂ ಸರಾಸರಿಯಿಂದ (ಎನ್ − 1) ÷ ವರ್ಗಮೂಲ ಎನ್ ಮಾನಕ ವಿಚಲನೆಗಳಿಗಿಂತ ದೂರ ಹೋಗಲು ಸಾಧ್ಯವೇ ಇಲ್ಲ. ಆರಕ್ಕೆ ಆ ಮಿತಿ 2.04, ಹತ್ತಕ್ಕೆ 2.85. 540ರ ಬದಲು 5040 ಟೈಪಾಗಿದ್ದರೂ ಮೂರರ ನಿಯಮ ಅದನ್ನು ಹಿಡಿಯುತ್ತಿರಲಿಲ್ಲ. ಹತ್ತು ಅಥವಾ ಅದಕ್ಕಿಂತ ಕಡಿಮೆ ಅಂಕಿಗಳಿಗೆ ಈ ನಿಯಮವನ್ನು ಬಳಸುವುದು ಕಾವಲುಗಾರನೇ ಇಲ್ಲದ ಬಾಗಿಲನ್ನು ನಂಬಿದ ಹಾಗೆ.

ಅನುಮಾನವಿದ್ದಲ್ಲಿ ಮಧ್ಯಾಂಕದ (ಅಂಕಿಗಳನ್ನು ಏರಿಕೆ ಕ್ರಮದಲ್ಲಿಟ್ಟರೆ ನಟ್ಟನಡುವೆ ಬರುವ ಸಂಖ್ಯೆಯ) ದಾರಿ ಹಿಡಿಯಿರಿ. ಮಧ್ಯಾಂಕ 500.5, ಅದರಿಂದ ಇರುವ ದೂರಗಳು 3.5, 2.5, 0.5, 0.5, 2.5, 39.5. ಈ ದೂರಗಳ ಮಧ್ಯಾಂಕ 2.5. ಮಾನಕ ವಿಚಲನೆಯ ಅಳತೆಗೆ ತರಲು 1.4826ರಿಂದ ಗುಣಿಸಿದರೆ 3.71. ಸರಿಯಾದ 504 ಇದ್ದಾಗಲೂ ಇದೇ 3.71 ಬರುತ್ತದೆ, ಕೆಟ್ಟ ಅಂಕಿ ಇದನ್ನು ಅಲುಗಿಸಲಿಲ್ಲ. ಆರು ಅಂಕಿಗೆ ಇದು ಒರಟು ಅಳತೆಯೇ, 2.74ಕ್ಕೆ ಬದಲಾಗಿ ಇದನ್ನು ವರದಿ ಮಾಡುವುದು ಬೇಡ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು 16.55 ಮತ್ತು 3.71 ಕಂಡರೆ, ಮೂಲ ಹಾಳೆ ತೆಗೆದು ನೋಡಬೇಕು ಎಂಬುದು ಖಚಿತ.

ಎಷ್ಟು ದಶಮಾಂಶ ಬರೆಯಬೇಕು

ಕ್ಯಾಲ್ಕುಲೇಟರ್ 2.738612788 ತೋರಿಸುತ್ತದೆ. ಅಷ್ಟನ್ನೂ ನಕಲು ಮಾಡಿದ ವರದಿಗಳು ಬೇಕಾದಷ್ಟಿವೆ. ಆರು ಅಂಕಿಗಳಿಂದ ತೆಗೆದ ಮಾನಕ ವಿಚಲನೆಯಲ್ಲೇ ಸುಮಾರು ಶೇ 30ರಷ್ಟು ಅನಿಶ್ಚಿತತೆ ಇದೆ. ಅಂಕಿಗಳು ಸಾಮಾನ್ಯ ವಿತರಣೆಯಿಂದ ಬಂದಿವೆ ಎಂದು ಒಪ್ಪಿದರೆ, ಶೇ 95ರ ಭರವಸೆಯಲ್ಲಿ ಯಂತ್ರದ ನಿಜವಾದ ಚದುರು 1.7ರಿಂದ 6.7 ಗ್ರಾಂವರೆಗೆ ಎಲ್ಲಿಯಾದರೂ ಇರಬಹುದು. ಹೀಗಿರುವಾಗ ಮೂರನೆಯ ದಶಮಾಂಶಕ್ಕೆ ಅರ್ಥವಿಲ್ಲ. ನಡುವಿನ ಲೆಕ್ಕದಲ್ಲಿ ಮಾತ್ರ ಎಲ್ಲ ಅಂಕಿಗಳನ್ನೂ ಇಟ್ಟುಕೊಳ್ಳಿ, ಕತ್ತರಿಸುವುದು ಕೊನೆಯಲ್ಲಿ. ಎನ್ − 1 ಹಾಕಿದರೂ ಚಿಕ್ಕ ಮಾದರಿಯ ಮಾನಕ ವಿಚಲನೆ ತುಸು ಕಡಿಮೆಯೇ ಬರುತ್ತದೆ (ಆರಕ್ಕೆ ಶೇ 5ರಷ್ಟು), ಏಕೆಂದರೆ ಆ ತಿದ್ದುಪಡಿ ಸರಿದೂಗಿಸುವುದು ವರ್ಗವನ್ನು, ವರ್ಗಮೂಲವನ್ನಲ್ಲ. ಶೇ 30ರ ಅನಿಶ್ಚಿತತೆಯ ಮುಂದೆ ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡಬಹುದು.

ಸರಾಸರಿಯನ್ನು ಎಷ್ಟು ನಂಬಬಹುದು ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಮಾನಕ ವಿಚಲನೆಯನ್ನು ಎನ್‌ನ ವರ್ಗಮೂಲದಿಂದ ಭಾಗಿಸಬೇಕು: 2.74 ÷ 2.449 = 1.12 ಗ್ರಾಂ. ಚಿಕ್ಕ ಮಾದರಿಯಲ್ಲಿ ಇದನ್ನು ಸುಮ್ಮನೆ ಎರಡರಿಂದ ಗುಣಿಸಿದರೆ ಸಾಲದು. ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ್ದು ಇದನ್ನೇ. ಆರು ಅಂಕಿಗೆ ಗುಣಕ 2.571, ಆದ್ದರಿಂದ ಸರಾಸರಿ 500.5ರ ಆಚೀಚೆ 2.9 ಗ್ರಾಂ. ಈ 1.12 ಅನ್ನು ಮಾನಕ ವಿಚಲನೆಯ ಜಾಗದಲ್ಲಿ ಬರೆದರೆ ಪೊಟ್ಟಣಗಳ ಚದುರು ಇರುವುದಕ್ಕಿಂತ ಅರ್ಧಕ್ಕೂ ಕಡಿಮೆ ಕಾಣುತ್ತದೆ.

ಹಾಗಾಗಿ ವರದಿಯ ಸಾಲು ಹೀಗಿರಲಿ: ಪೊಟ್ಟಣಗಳು 6, ಸರಾಸರಿ 500.5 ಗ್ರಾಂ, ಮಾನಕ ವಿಚಲನೆ 2.7 ಗ್ರಾಂ (ಛೇದ ಎನ್ − 1), ಕನಿಷ್ಠ 497, ಗರಿಷ್ಠ 504. ಜಾಗವಿದ್ದರೆ ಆರೂ ಅಂಕಿಗಳನ್ನು ಹಾಗೆಯೇ ಬರೆದುಬಿಡಿ, ಓದುವವರು ತಮಗೆ ಬೇಕಾದ ಛೇದದಲ್ಲಿ ತಾವೇ ಲೆಕ್ಕ ಮಾಡಿಕೊಳ್ಳುತ್ತಾರೆ.